ಇಸ್ನೋಫೀಲಿಯಾ: ಪುಳ್ಳಿಗೆ ಒಂದು ಕಾಗದ

ಪುತ್ತೂರು,
ಆಟಿ ಅಮಾವಾಸ್ಯೆಯ ಮರುದಿನ

ಪ್ರೀತಿಯ ಪುಳ್ಳಿಗೆ,

ನೀನು ವಾಟ್ಸಾಪಿನಲ್ಲಿ ಕಳಿಸಿದ ರಿಪೋರ್ಟು ನೋಡಿದೆ. ಹೆಸರು ಮರೆಮಾಡಿ ಕಳಿಸಿದ್ದು ಒಳ್ಳೆಯದಾಯಿತು. ಟೋಟಲ್ ಕೌಂಟ್ 9,800, ಇಯೊಸಿನೊಫಿಲ್ 22, ಹಿಮೋಗ್ಲೋಬಿನ್ 8.6. ಕಡಬದ ಕಡೆಯ ಹೆಂಗಸು, ಅಡಿಕೆ ತೋಟದ ಕೆಲಸ, ಸುಸ್ತು, ಆಗಾಗ ಕೆಮ್ಮು. ಕೆಳಗೆ ನಿನ್ನ ಪ್ರಶ್ನೆ: "ಅಜ್ಜಾ, ಇಸ್ನೋಫೀಲಿಯಾಕ್ಕೆ ಅಲರ್ಜಿ ಮಾತ್ರೆ, ರಕ್ತ ಕಡಿಮೆ ಇರುವುದಕ್ಕೆ ಕಬ್ಬಿಣದ ಮಾತ್ರೆ, ಅಷ್ಟು ಸಾಕಲ್ವಾ?"

ಸಾಲದು ಮಾರಾಯ್ತಿ. ಯಾಕೆ ಸಾಲದು ಎಂದು ಫೋನಿನಲ್ಲಿ ಬೆರಳು ಒತ್ತಿ ಒತ್ತಿ ಹೇಳಲು ನನ್ನಿಂದಾಗದು. ಹೊರಗೆ ಮಳೆಯೂ ಬಿಡುತ್ತಿಲ್ಲ, ಹಾಗಾಗಿ ಕಾಗದ ಬರೆಯಲು ಕೂತಿದ್ದೇನೆ. ನೀನು ಡಾಕ್ಟರಾಗುವವಳು, ನಾನು ಲ್ಯಾಬಿನ ಮೈಕ್ರೋಸ್ಕೋಪಿನ ಎದುರು ಬೆನ್ನು ಬಗ್ಗಿಸಿದವನು. ಮದ್ದು ಬರೆಯುವ ಅಧಿಕಾರ ನನಗಿಲ್ಲ. ಆದರೆ ಆ ಮೂರು ಸಂಖ್ಯೆಗಳನ್ನು ಬೇರೆಬೇರೆಯಾಗಿ ಓದಬಾರದು ಎಂದು ಹೇಳುವ ಅಧಿಕಾರ ಉಂಟು.

ಮೊದಲು ಲೆಕ್ಕ ಸರಿ ಮಾಡಿಕೋ. ಶೇಕಡಾ 22 ಎಂದು ಹೇಳಿದರೆ ಅರ್ಧ ಮಾತು. ಟೋಟಲ್ 4,000 ಇರುವವನ ಶೇಕಡಾ 10, ಟೋಟಲ್ 15,000 ಇರುವವನ ಶೇಕಡಾ 10 ಒಂದೇ ಅಲ್ಲ. 9,800ರಲ್ಲಿ 22 ಎಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 2,156 ಇಯೊಸಿನೊಫಿಲ್. ಸಾಮಾನ್ಯವಾಗಿ 500ರ ಒಳಗಿರಬೇಕು. ಧೂಳಿಗೆ ಸೀನುವವರಲ್ಲಿ 600, 800 ಆಗುವುದು ಇದ್ದದ್ದೇ. ಆಸ್ತಮಾದವರಲ್ಲಿ ಸಾವಿರ ದಾಟುವುದೂ ಉಂಟು. ಆದರೆ ಎರಡು ಸಾವಿರದ ಮೇಲೆ, ಅದೂ ಬರಿಗಾಲಿನಲ್ಲಿ ತೋಟದಲ್ಲಿ ದುಡಿಯುವ ಹೆಂಗಸಿನಲ್ಲಿ ಕಂಡರೆ, ನಾನಾದರೆ ಹೊಟ್ಟೆಹುಳು ಹುಡುಕಲು ಮೊದಲು ಮಲಪರೀಕ್ಷೆಯ ಡಬ್ಬಿ ಕೈಗೆ ಕೊಡುತ್ತಿದ್ದೆ.

ನಮ್ಮ ಪುತ್ತೂರು, ಸುಳ್ಯದ ಕಡೆ ಇಸ್ನೋಫೀಲಿಯಾ ಎನ್ನುವುದು ಒಂದು ಕಾಯಿಲೆಯೇ ಆಗಿಬಿಟ್ಟಿದೆ. ಬೆಳಿಗ್ಗೆ ಎದ್ದು ನಾಲ್ಕು ಸೀನು ಬಂದರೆ "ನನಗೆ ಇಸ್ನೋಫೀಲಿಯಾ ಉಂಟು" ಎನ್ನುತ್ತಾರೆ. ಮದುವೆ ಮನೆಯಲ್ಲಿ ತಣ್ಣೀರು ಕುಡಿಯದಿರಲು ಅದೇ ಕಾರಣ, ಮಜ್ಜಿಗೆ ಬೇಡ ಎನ್ನಲೂ ಅದೇ. ನಿಜವಾಗಿ ಅದು ಇಯೊಸಿನೊಫಿಲ್ ಹೆಚ್ಚಿದೆ ಎಂದು ರಕ್ತದಲ್ಲಿ ಕಾಣುವ ಒಂದು ಗುರುತು ಅಷ್ಟೆ. ಯಾವುದರ ಗುರುತು ಎಂದು ಹುಡುಕುವುದು ಬಾಕಿ ಇರುತ್ತದೆ. ಹುಡುಕದೆ ಅದಕ್ಕೇ ಮಾತ್ರೆ ನುಂಗುವವರು ಎಷ್ಟೋ ಮಂದಿ.

ಇಯೊಸಿನೊಫಿಲ್ ಎಂಬ ಈ ಬಿಳಿ ರಕ್ತಕಣವನ್ನು ಗುರುತಿಸಿ ಹೆಸರಿಟ್ಟವನು ಜರ್ಮನಿಯ ಪಾಲ್ ಎರ್ಲಿಕ್, 1879ರಲ್ಲಿ. ಇಯೊಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಳ್ಳುವ ಕಣ ಎಂದು ಆ ಹೆಸರು. ನಾವು ಲೀಶ್ಮನ್ ಬಣ್ಣ ಹಾಕಿ ಸ್ಲೈಡ್ ಒಣಗಿಸಿ ಎಣ್ಣೆಯ ಹನಿ ಬಿಟ್ಟು ನೋಡಿದರೆ, ಎರಡು ಹೋಳಿನ ನ್ಯೂಕ್ಲಿಯಸ್, ಮೈತುಂಬಾ ಕಿತ್ತಳೆ-ಕೆಂಪು ಹರಳು. ನ್ಯೂಟ್ರೋಫಿಲ್‌ಗಳ ಮಂಕು ಗುಂಪಿನ ನಡುವೆ ಒಂದು ಇದ್ದರೂ ಕಣ್ಣಿಗೆ ಹೊಡೆಯುತ್ತದೆ. ಈಗ ಯಂತ್ರ ಎಣಿಸುತ್ತದೆ, ಒಳ್ಳೆಯದೇ. ಆದರೂ ಯಂತ್ರ 22 ಎಂದಾಗ ಒಮ್ಮೆ ಸ್ಲೈಡ್ ಎಳೆದು ಕಣ್ಣಿನಿಂದ ನೋಡಿಸು. ನಿನ್ನ ಲ್ಯಾಬಿನವರಿಗೆ ಬೇಸರವಾದರೆ ಅಜ್ಜ ಹೇಳಿದ್ದು ಎನ್ನು.

ಆ ಕೆಂಪು ಹರಳುಗಳಲ್ಲೇ ಇದರ ಕಸುಬು ಅಡಗಿದೆ. ಬ್ಯಾಕ್ಟೀರಿಯಾ ಸಣ್ಣದು, ನ್ಯೂಟ್ರೋಫಿಲ್ ಅದನ್ನು ನುಂಗಿ ಕರಗಿಸಿಬಿಡುತ್ತದೆ. ಹುಳುವನ್ನು ನುಂಗುವುದು ಹೇಗೆ? ಒಂದು ಸೆಂಟಿಮೀಟರ್ ಉದ್ದದ ಕೊಕ್ಕೆಹುಳುವಿನ ಎದುರು ಬಿಳಿಕಣ ಕಣ್ಣಿಗೇ ಕಾಣದಷ್ಟು ಸಣ್ಣದು. ಹಾಗಾಗಿ ದೇಹ ಬೇರೆ ದಾರಿ ಹಿಡಿದಿದೆ. ಲಿಂಫೋಸೈಟ್‌ಗಳಲ್ಲಿ ಒಂದು ಬಗೆಯವು ಇಂಟರ್‌ಲ್ಯೂಕಿನ್-5 ಎಂಬ ರಾಸಾಯನಿಕವನ್ನು ಬಿಡುತ್ತವೆ. ಅದು ಮೂಳೆಯ ಮಜ್ಜೆಗೆ ತಲುಪಿ, ಇಯೊಸಿನೊಫಿಲ್‌ಗಳನ್ನು ಹೆಚ್ಚು ತಯಾರಿಸು ಎನ್ನುತ್ತದೆ. ಇನ್ನೊಂದು ಕಡೆ ಐಜಿಇ ಎಂಬ ಪ್ರತಿಕಾಯ ಏರುತ್ತದೆ. ಪ್ರತಿಕಾಯಗಳು ಅಂಟಿಕೊಂಡ ಮರಿಹುಳುವಿನ ಮೈಮೇಲೆ ಇಯೊಸಿನೊಫಿಲ್‌ಗಳು ಕೂತು, ಹರಳುಗಳೊಳಗಿನ ವಿಷಪ್ರೋಟೀನನ್ನು ಅದರ ಚರ್ಮದ ಮೇಲೆ ಸುರಿಯುತ್ತವೆ. ಕರುಳಿನಲ್ಲಾದರೆ ಲೋಳೆ ಹೆಚ್ಚುತ್ತದೆ, ಕರುಳು ಜೋರಾಗಿ ಹಿಂಡುತ್ತದೆ, ಹುಳುವಿನ ಹಿಡಿತ ತಪ್ಪಿಸುವ ಪ್ರಯತ್ನ ನಡೆಯುತ್ತದೆ.

ರಕ್ತದಲ್ಲಿ ಈ ಕಣ ಒಂದು ದಿನವೂ ಪೂರ್ತಿ ಇರುವುದಿಲ್ಲ. ಮಜ್ಜೆಯಿಂದ ಹೊರಟು ಕೆಲವು ಗಂಟೆ ರಕ್ತದಲ್ಲಿ ಓಡಾಡಿ ಕರುಳಿಗೋ ಶ್ವಾಸಕೋಶಕ್ಕೋ ಇಳಿದುಬಿಡುತ್ತದೆ. ಅಲ್ಲಿ ಸೇರಿರುವವು ರಕ್ತದಲ್ಲಿರುವುದಕ್ಕಿಂತ ನೂರು ಪಟ್ಟಿನಷ್ಟು. ಸುಬ್ರಹ್ಮಣ್ಯದ ಚಂಪಾಷಷ್ಠಿಗೆ ಎಷ್ಟು ಜನ ಸೇರಿದ್ದಾರೆ ಎಂದು ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ತಲೆ ಎಣಿಸಿದ ಹಾಗೆ ನಮ್ಮ ಡಿಫರೆನ್ಷಿಯಲ್ ಕೌಂಟ್. ಅಂದಾಜು ಸಿಗುತ್ತದೆ, ಅಷ್ಟೆ. ಕೌಂಟ್ ಕಡಿಮೆ ಬಂತೆಂದು ಒಳಗೆ ಏನೂ ಇಲ್ಲ ಎಂದು ಬರೆಯಬೇಡ.

ಈಗ ಆ ಹೆಂಗಸಿನ ಕಾಲಿನ ವಿಷಯಕ್ಕೆ ಬರುತ್ತೇನೆ. ಪಠ್ಯಪುಸ್ತಕದಲ್ಲಿ ಕೊಕ್ಕೆಹುಳುವಿನ ಮರಿಗೆ ಬೇಕಾದ್ದನ್ನು ಬರೆದಿರುತ್ತಾರಲ್ಲ, ನೆರಳು, ತೇವ, ಬೆಚ್ಚಗಿನ ಸಡಿಲ ಮಣ್ಣು, ಅದು ನಮ್ಮ ಅಡಿಕೆ ತೋಟದ ವರ್ಣನೆಯೇ. ಮೇಲೆ ಸೋಗೆಯ ನೆರಳು, ಬುಡದಲ್ಲಿ ಸೊಪ್ಪು, ಹಟ್ಟಿಗೊಬ್ಬರ, ಪಕ್ಕದಲ್ಲಿ ಕಣಿ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ನಂತರ ಸಿಲೋನಿನಿಂದ ಬಂದವರಿಗೆ ಸುಳ್ಯ, ಪುತ್ತೂರಿನ ಕಡೆ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರಲ್ಲ, ಆ ರಬ್ಬರಿನ ಅಡಿಯೂ ಅಂಥದ್ದೇ ನೆಲ. ಹಿಂದೆ ಎಲ್ಲರೂ ಬಹಿರ್ದೆಸೆಗೆ ಗುಡ್ಡೆಗೆ ಹೋಗುವವರೇ. ಮಳೆಗಾಲದಲ್ಲಿ ಯಾರು ದೂರ ಹೋಗುತ್ತಾರೆ? ತೋಟದ ಕರೆಯಲ್ಲೇ ಮುಗಿಸುವುದು. ಮಲದಲ್ಲಿರುವ ಕೊಕ್ಕೆಹುಳುವಿನ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ, ವಾರ, ಹತ್ತು ದಿನದಲ್ಲಿ ಮರಿ ಚರ್ಮ ಕೊರೆಯಲು ತಯಾರು, ಅನುಕೂಲ ಇದ್ದರೆ ಮೂರು ನಾಲ್ಕು ವಾರ ಮಣ್ಣಿನಲ್ಲೇ ಕಾಯುತ್ತದೆ. ಕಾಲ್ಬೆರಳ ಸಂದಿಯಲ್ಲಿ ತುರಿಕೆ, ಸಣ್ಣ ಗುಳ್ಳೆ. ಕೆಸರಿನದ್ದು ಎಂದು ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ.

ಮರಿ ಚರ್ಮದಿಂದಲೇ ಒಳಹೋಗುತ್ತದೆ ಎಂದು ಲೋಕಕ್ಕೆ ತಿಳಿದದ್ದು ಈಜಿಪ್ಟಿನ ಕೈರೋದಲ್ಲಿ. ಆರ್ಥರ್ ಲೂಸ್ ಎಂಬ ಪ್ರಾಣಿಶಾಸ್ತ್ರಜ್ಞ ತನ್ನ ಕೈಮೇಲೆ ಮರಿಹುಳುಗಳ ನೀರು ಚೆಲ್ಲಿಕೊಂಡ, ತುರಿಕೆ ಬಂತು, ಕೆಲವು ವಾರಗಳ ನಂತರ ತನ್ನದೇ ಮಲದಲ್ಲಿ ಮೊಟ್ಟೆ ಕಂಡ. 1898ರಲ್ಲಿ ಅದನ್ನು ಬರೆದು ಪ್ರಕಟಿಸಿದ. ಅನೇಕರು ನಂಬಲಿಲ್ಲ. ಆಮೇಲೆ ದಾರಿ ಪೂರ್ತಿ ಗೊತ್ತಾಯಿತು: ಚರ್ಮದಿಂದ ರಕ್ತ, ರಕ್ತದಿಂದ ಶ್ವಾಸಕೋಶ, ಅಲ್ಲಿಂದ ಗಂಟಲಿಗೆ ಹತ್ತಿ, ಕಫದ ಜೊತೆ ನುಂಗಿಸಿಕೊಂಡು ಸಣ್ಣ ಕರುಳು. ನಿನ್ನ ರೋಗಿಯ ಕೆಮ್ಮನ್ನು ಈ ದಾರಿಯಲ್ಲೂ ಒಮ್ಮೆ ಇಟ್ಟು ನೋಡು. ಶ್ವಾಸಕೋಶ ದಾಟುವಾಗ ಕೆಮ್ಮು ಬರುತ್ತದೆ, ಇಯೊಸಿನೊಫಿಲ್ ಏರಲು ತೊಡಗುತ್ತದೆ, ಕರುಳಿಗೆ ಬಂದು ಬೆಳೆದು ಕಚ್ಚಿದಾಗ, ಎಂದರೆ ಕಾಲು ದಾಟಿದ ಐದರಿಂದ ಒಂಬತ್ತು ವಾರದ ಹೊತ್ತಿಗೆ, ತುದಿ ಮುಟ್ಟುತ್ತದೆ. ಮೊದಲ ಐದಾರು ವಾರ ಮಲದಲ್ಲಿ ಮೊಟ್ಟೆ ಸಿಗುವುದೇ ಇಲ್ಲ. ಆ ಸಮಯದಲ್ಲಿ ಮಲಪರೀಕ್ಷೆ "ಏನೂ ಇಲ್ಲ" ಎನ್ನುತ್ತದೆ, ರಕ್ತ ಮಾತ್ರ "ಏನೋ ಉಂಟು" ಎನ್ನುತ್ತದೆ.

ಇನ್ನು ಹಿಮೋಗ್ಲೋಬಿನ್ 8.6. ನಮ್ಮ ಕಡೆ ಹೆಚ್ಚಾಗಿ ಇರುವ ನೆಕೇಟರ್ ಜಾತಿಯ ಒಂದು ಹುಳು ದಿನಕ್ಕೆ 0.03 ಮಿಲಿಲೀಟರ್ ರಕ್ತ ತಿನ್ನುತ್ತದೆ. ಒಂದು ಹನಿಯೂ ಅಲ್ಲ. ನೂರು ಹುಳು ಇದ್ದರೆ ದಿನಕ್ಕೆ 3 ಮಿಲಿಲೀಟರ್, ತಿಂಗಳಿಗೆ 90. ಪ್ರತಿ ತಿಂಗಳು ಮುಟ್ಟಿನಲ್ಲಿ ಒಂದಷ್ಟು ರಕ್ತ ಹೋಗುವ, ಎರಡು ಮೂರು ಹೆರಿಗೆಯಾದ, ಗಂಜಿ-ಚಟ್ನಿ ಉಣ್ಣುವ ಹೆಂಗಸಿಗೆ ಅದು ಸಣ್ಣ ಲೆಕ್ಕವಲ್ಲ. ಕಬ್ಬಿಣದ ಮಾತ್ರೆ ಕೊಡಲೇಬೇಕು. ಆದರೆ ರಕ್ತ ಕುಡಿಯುವವರನ್ನು ಒಳಗೇ ಇಟ್ಟುಕೊಂಡು ಎಷ್ಟು ತಿಂಗಳು ಕೊಡುತ್ತೀ?

ಇಲ್ಲಿ ಒಂದು ವಿಷಯ ಮರೆಯಬೇಡ. ಕೊಕ್ಕೆಹುಳು ನಮ್ಮ ಹೊಟ್ಟೆಯೊಳಗೆ ಮರಿ ಮಾಡಿ ಸಂಖ್ಯೆ ಹೆಚ್ಚಿಸಿಕೊಳ್ಳುವುದಿಲ್ಲ. ಮೊಟ್ಟೆ ಹೊರಗೆ ಹೋಗಲೇಬೇಕು, ಮಣ್ಣಿನಲ್ಲಿ ಬೆಳೆಯಲೇಬೇಕು. ಒಳಗೆ ನೂರು ಹುಳು ಇದ್ದರೆ, ನೂರು ಮರಿಗಳು ಒಂದೊಂದಾಗಿ ಅವಳ ಚರ್ಮ ದಾಟಿ ಬಂದಿವೆ ಎಂದರ್ಥ. ಆ 2,156ರಲ್ಲಿ ಅವಳು ಯಾವ ತೋಟದಲ್ಲಿ, ಯಾವ ತಿಂಗಳಲ್ಲಿ, ಬರಿಗಾಲಿನಲ್ಲಿ ಎಷ್ಟು ಹೊತ್ತು ನಿಂತಳು ಎಂಬುದೂ ಸೇರಿದೆ. ಅಲರ್ಜಿ ಎಂದು ಬರೆದರೆ ಅದೆಲ್ಲ ಒರಸಿಹೋಗುತ್ತದೆ. ನನ್ನ ತಕರಾರು ಅದು.

ನೀನು ಕೇಳಬಹುದು: ಇಷ್ಟೊಂದು ಬಿಳಿಕಣ ಏಳುತ್ತದಲ್ಲ, ಹುಳು ಸಾಯುವುದಿಲ್ಲವೇ? ಹೊಸದಾಗಿ ಬಂದ ಮರಿಗಳಲ್ಲಿ ಕೆಲವು ಸಾಯುತ್ತವೆ. ಕರುಳಲ್ಲಿ ನೆಲೆ ನಿಂತದ್ದು ವರ್ಷಗಟ್ಟಲೆ ಬದುಕುತ್ತದೆ. ಅದು ತನ್ನ ಬಾಯಿಂದ, ಮೈಯಿಂದ ಬಿಡುವ ದ್ರವಗಳು ನಮ್ಮ ರಕ್ಷಣೆಯ ಕಾವನ್ನು ತಗ್ಗಿಸುತ್ತವೆ. ನಮ್ಮಲ್ಲೂ ತಡೆಹಿಡಿಯುವ ಲಿಂಫೋಸೈಟ್‌ಗಳು ಹೆಚ್ಚಿ ಇಂಟರ್‌ಲ್ಯೂಕಿನ್-10 ಎಂಬ ರಾಸಾಯನಿಕವನ್ನು ಬಿಡುತ್ತವೆ, ಸಾಕು ಎನ್ನುವ ರಾಸಾಯನಿಕ ಅದು. ಎರಡೂ ಕಡೆಯವರಿಗೆ ಲಾಭ: ಹುಳುವಿಗೆ ಊಟ ಸಿಗುತ್ತದೆ, ನಮ್ಮ ಕರುಳು ನಮ್ಮದೇ ಕಣಗಳ ವಿಷಕ್ಕೆ ಸುಟ್ಟುಹೋಗದೆ ಉಳಿಯುತ್ತದೆ. ಬಹಳ ವರ್ಷಗಳಿಂದ ಹುಳು ಹೊತ್ತವರಲ್ಲಿ ಕೌಂಟ್ ಸ್ವಲ್ಪವೇ ಹೆಚ್ಚಿರುವುದು, ಕೆಲವೊಮ್ಮೆ ಹೆಚ್ಚೇ ಇರದಿರುವುದು ಇದರಿಂದ. ದೇಹ ಸೋತಿತು ಎಂದು ನಾನು ಹೇಳುವುದಿಲ್ಲ. ಕಡಿಮೆ ನಷ್ಟದ ದಾರಿಯನ್ನು ಹುಡುಕಿಕೊಂಡಿತು.

ಇಯೊಸಿನೊಫಿಲ್ ಎಂದರೆ ಹುಳು ಕೊಲ್ಲುವ ಕಣ ಎಂದಷ್ಟೇ ಬಾಯಿಪಾಠ ಮಾಡಿದವರನ್ನು ಕಂಗೆಡಿಸಿದ ಒಂದು ಪ್ರಯೋಗವಿದೆ. ಟ್ರೈಕಿನೆಲ್ಲಾ ಎಂಬ ಹುಳುವಿನ ಮರಿಗಳು ಮಾಂಸಖಂಡದಲ್ಲಿ ಸೇರಿಕೊಳ್ಳುತ್ತವೆ. ಇಯೊಸಿನೊಫಿಲ್‌ಗಳೇ ಇಲ್ಲದ ಇಲಿಗಳಲ್ಲಿ ಆ ಮರಿಗಳು ಸುಖವಾಗಿರಬೇಕಿತ್ತು ತಾನೇ? ಅಲ್ಲಿ ಅವು ಹೆಚ್ಚು ಸತ್ತವು. ಇಯೊಸಿನೊಫಿಲ್ ಇದ್ದಾಗ ಬೇರೆ ಕಣಗಳ ಆರ್ಭಟವನ್ನು ಅದೇ ತಡೆಯುತ್ತಿತ್ತು. ಎಂದರೆ ಹೊಡೆಯುವುದೂ ಅದೇ, ಬಿಡಿಸುವುದೂ ಅದೇ. ನಾನು ಕಲಿತ ಕಾಲದ ಪುಸ್ತಕದಲ್ಲಿ ಇದು ಇರಲಿಲ್ಲ. ಓದಿದ ದಿನ ನನಗೆ ಭಾರೀ ಖುಷಿಯಾಗಿತ್ತು, ನಿನ್ನ ಅಜ್ಜಿಗೆ ಹೇಳಿದೆ, "ಇಲಿಗೆ ಎಂತ ಆದರೆ ನಿಮಗೆಂತ" ಎಂದಳು.

ಕಾವು ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ಆನೆಕಾಲು ರೋಗದ ಹುಳುವನ್ನು ನೋಡು. ನಮ್ಮ ದಕ್ಷಿಣ ಕನ್ನಡ ಆ ರೋಗದ ಜಿಲ್ಲೆಗಳಲ್ಲೊಂದು. ಅದಕ್ಕೇ 2004ರಿಂದ ಮನೆಮನೆಗೆ ಡಿಇಸಿ ಮಾತ್ರೆ ಹಂಚಿದ್ದು. ಕ್ಯೂಲೆಕ್ಸ್ ಸೊಳ್ಳೆ ತರುವ ಆ ಹುಳುವಿನ ಮರಿಗಳು ರಾತ್ರಿ ಮಾತ್ರ ಚರ್ಮದ ಬಳಿಯ ರಕ್ತಕ್ಕೆ ಬರುತ್ತವೆ, ಅದಕ್ಕಾಗಿ ಸರ್ಕಾರದವರು ರಾತ್ರಿ ಹತ್ತರ ನಂತರ ಬಾಗಿಲು ತಟ್ಟಿ ಬೆರಳು ಚುಚ್ಚಬೇಕು. ಮಲಗಿದವರನ್ನು ಎಬ್ಬಿಸಿ ರಕ್ತ ಕೇಳುವ ಕೆಲಸ, ಬೈಗುಳಕ್ಕೆ ಬರವಿಲ್ಲ. ಅಂಥ ಸ್ಲೈಡ್‌ಗಳಲ್ಲಿ ವಿಚಿತ್ರ ಕಾಣುತ್ತದೆ. ಒಬ್ಬನ ರಕ್ತದ ಹನಿಯಲ್ಲಿ ಮರಿಗಳು ತುಂಬಿ ಒದ್ದಾಡುತ್ತಿರುತ್ತವೆ, ಅವನಿಗೆ ಜ್ವರವಿಲ್ಲ, ಬಾವಿಲ್ಲ, ಆರಾಮ. ಇನ್ನೊಬ್ಬನ ರಕ್ತದಲ್ಲಿ ಒಂದು ಮರಿಯೂ ಇಲ್ಲ, ಅವನು ರಾತ್ರಿಯಿಡೀ ಕೆಮ್ಮಿ ಕೂತಿರುತ್ತಾನೆ, ಇಯೊಸಿನೊಫಿಲ್ 3,000 ದಾಟಿರುತ್ತದೆ, ಐಜಿಇ ಆಕಾಶಕ್ಕೇರಿರುತ್ತದೆ. ಹುಳು ಒಂದೇ, ಸೊಳ್ಳೆ ಒಂದೇ. ಮೊದಲನೆಯವನ ದೇಹ ರಾಜಿಯಾಗಿದೆ. ಎರಡನೆಯವನ ದೇಹ ರಾಜಿಯಾಗದೆ ಶ್ವಾಸಕೋಶದಲ್ಲೇ ಮರಿಗಳನ್ನು ಹಿಡಿದು ಮುಗಿಸುತ್ತಿದೆ, ಜೊತೆಗೆ ಶ್ವಾಸಕೋಶಕ್ಕೂ ಪೆಟ್ಟು ಬೀಳುತ್ತಿದೆ.

ಈ ಕೆಮ್ಮಿನವರನ್ನು ಹಿಂದೆ ಕ್ಷಯ ಎಂದು ಎಷ್ಟು ಮಂದಿ ತಿಳಿದರೋ. 1940ರಲ್ಲಿ ಮದನಪಲ್ಲಿಯ ಆರೋಗ್ಯವರಂ ಸ್ಯಾನಟೋರಿಯಂನ ಫ್ರಿಮೊಡ್ಟ್ ಮೊಲ್ಲರ್ ಮತ್ತು ಬಾರ್ಟನ್ ಎಂಬ ವೈದ್ಯರು, ಕ್ಷಯದಂತೆ ಕಾಣುವ ಆದರೆ ಕ್ಷಯವಲ್ಲದ, ಇಯೊಸಿನೊಫಿಲ್ ವಿಪರೀತ ಏರಿದ ರೋಗಿಗಳ ಬಗ್ಗೆ ಬರೆದರು. 1943ರಲ್ಲಿ ವೈನ್‌ಗಾರ್ಟನ್ ಎಂಬ ವೈದ್ಯ ಅದಕ್ಕೆ ಟ್ರಾಪಿಕಲ್ ಇಯೊಸಿನೊಫಿಲಿಯಾ ಎಂದು ಹೆಸರಿಟ್ಟ. ನಮ್ಮ ಜನರ ಬಾಯಲ್ಲಿರುವ ಇಸ್ನೋಫೀಲಿಯಾಕ್ಕೆ ಈ ಹಳೆಯ ಹೆಸರಿನ ನಂಟು ಇರಬೇಕು ಎಂದು ನನ್ನ ಊಹೆ. ಆಗ ಆರ್ಸೆನಿಕ್ ಸೂಜಿ ಕೊಡುತ್ತಿದ್ದರು. ಆಮೇಲೆ ಬಂದದ್ದು ಡಿಇಸಿ, ಹೆಟ್ರಝಾನ್ ಎಂಬ ಹೆಸರಿನಲ್ಲಿ. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅದನ್ನು ಹೊರತಂದ ತಂಡಕ್ಕೆ ಹಿರಿಯರಾಗಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯೆಲ್ಲಪ್ರಗಡ ಸುಬ್ಬರಾವ್. 1948ರಲ್ಲಿ, ಐವತ್ಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮಾತ್ರೆ ಕರಾವಳಿಯ ಮನೆಮನೆಗೆ ಬಂತು, ಹೆಸರು ಬರಲಿಲ್ಲ.

ಕಾಲು ಆನೆಯ ಕಾಲಾಗುವುದರಲ್ಲೂ ಹುಳು ಒಂದೇ ಅಪರಾಧಿಯಲ್ಲ. ದೊಡ್ಡ ಹುಳು ಸತ್ತಾಗ ಅದರೊಳಗೆ ವಾಸಿಸುವ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾವೂ ಹೊರಬಿದ್ದು ಉರಿಯೂತ ಎಬ್ಬಿಸುತ್ತದೆ. ಬೆರಳ ಸಂದಿಯ ಬಿರುಕಿನಿಂದ ಬೇರೆ ಬ್ಯಾಕ್ಟೀರಿಯಾ ನುಗ್ಗಿ ಮತ್ತೆ ಮತ್ತೆ ಜ್ವರ ಬರಿಸುತ್ತವೆ. ಪ್ರತಿ ಸಲವೂ ದುಗ್ಧನಾಳ ಇನ್ನಷ್ಟು ಕೆಡುತ್ತದೆ. ಅಂಥ ಕಾಲನ್ನು ದಿನಾ ಸಾಬೂನು ಹಾಕಿ ತೊಳೆದು ಒರಸಿ ಒಣಗಿಸುವುದೂ ಚಿಕಿತ್ಸೆಯೇ. ನಿನ್ನ ಆಸ್ಪತ್ರೆಗೆ ಅಂಥವರು ಬಂದರೆ ಮಾತ್ರೆ ಬರೆಯುವ ಮೊದಲು ಬಕೆಟ್ಟಿನ ವಿಷಯ ಮಾತಾಡು.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕೆಮ್ಮು, ಮೈಕೈ ನೋವು ಎಂದವರಿಗೆ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಇಯೊಸಿನೊಫಿಲ್ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಮಾಯ. ರಿಪೋರ್ಟು ಚಂದ, ರೋಗಿಗೂ ಹಾಯೆನಿಸುತ್ತದೆ. ಆದರೆ ಒಳಗೆ ಸ್ಟ್ರಾಂಜಿಲಾಯ್ಡಿಸ್ ಹುಳು ಇದ್ದರೆ? ಅದೂ ಮಣ್ಣಿನಿಂದ ಕಾಲಿಗೇ ಬರುವುದು, ಆದರೆ ಕೊಕ್ಕೆಹುಳುವಿನಂತಲ್ಲ, ಒಳಗೇ ಪೀಳಿಗೆ ಮುಂದುವರಿಸಬಲ್ಲದು. ಎರಡನೇ ಮಹಾಯುದ್ಧದಲ್ಲಿ ಬರ್ಮಾ-ಥಾಯ್ ರೈಲುಹಳಿ ಹಾಕಿದ ಯುದ್ಧಕೈದಿಗಳಲ್ಲಿ ಮೂವತ್ತು ನಲವತ್ತು ವರ್ಷ ಕಳೆದ ಮೇಲೂ ಅದು ಸಿಕ್ಕಿತು. ಅಷ್ಟು ಕಾಲ ಅದನ್ನು ಮಿತಿಯಲ್ಲಿಟ್ಟದ್ದು ಬಿಳಿಕಣಗಳೇ. ಸ್ಟೀರಾಯ್ಡ್ ಅವನ್ನು ಅಡಗಿಸಿದರೆ ಹುಳು ಮೈಯೆಲ್ಲ ಹರಡಿ ಪ್ರಾಣ ತೆಗೆಯಬಹುದು. ಕೌಂಟ್ ಇಳಿದದ್ದೆಲ್ಲ ಗುಣವಲ್ಲ ಮಗಾ.

ನಿನ್ನೆ ಇಲ್ಲಿ ಆಟಿ ಕಷಾಯ ಕುಡಿದೆವು. ಗುರುತು ಗೊತ್ತಿದ್ದವರು ಬೆಳಕು ಹರಿಯುವ ಮೊದಲು ಹಾಲೆ ಮರದ ಕೆತ್ತೆ ತಂದರು, ಕರಿಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದದ್ದು. ಆಮೇಲೆ ಮೆಂತೆ ಗಂಜಿ. ಇದರಿಂದ ಹೊಟ್ಟೆಹುಳು ಸಾಯುತ್ತದೆ ಎಂದು ಪಕ್ಕದ ಮನೆಯವರು ಪ್ರತಿ ವರ್ಷ ಹೇಳುತ್ತಾರೆ. ನಾನು ಕುಡಿಯುತ್ತೇನೆ, ವಾದಕ್ಕೆ ಹೋಗುವುದಿಲ್ಲ. ಆದರೆ ಹುಳುವಿನ ಲೆಕ್ಕವನ್ನು ಅದರ ಖಾತೆಗೆ ಬರೆಯಲು ನನಗೆ ಮನಸ್ಸಿಲ್ಲ. ನಮ್ಮ ಊರುಗಳಲ್ಲಿ ಕೊಕ್ಕೆಹುಳುವಿಗೆ ಪೆಟ್ಟು ಕೊಟ್ಟದ್ದು ಪಕ್ಕಾ ಪಾಯಿಖಾನೆ, ಹವಾಯಿ ಚಪ್ಪಲಿ, ಗಂಬೂಟು. ಮತ್ತೆ 2015ರಿಂದ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಕೊಡುವ ಅಲ್ಬೆಂಡಝೋಲ್. ಗಮನಿಸು, 19ಕ್ಕೆ ಅದು ನಿಲ್ಲುತ್ತದೆ. ತೋಟಕ್ಕಿಳಿಯುವ ಹೆಂಗಸಿನ ವಯಸ್ಸು ಅಲ್ಲಿಂದ ಮುಂದೆ ಶುರುವಾಗುವುದು.

ಈಗ ಮಾಡಬೇಕಾದ್ದು. ಮಲಪರೀಕ್ಷೆ ಒಂದು ದಿನದ್ದು ಸಾಲದು, ಬೇರೆಬೇರೆ ಮೂರು ದಿನದ್ದು ತರಿಸು. ಇಂದು ತಂದದ್ದನ್ನು ನಾಳೆ ನೋಡುವುದಲ್ಲ, ಬಿಸಿಲಿನ ದಿನ ಡಬ್ಬಿಯಲ್ಲೇ ಮೊಟ್ಟೆ ಒಡೆದು ಮರಿ ಹೊರಬಂದು, ಕೊಕ್ಕೆಹುಳುವೋ ಸ್ಟ್ರಾಂಜಿಲಾಯ್ಡಿಸೋ ಎಂದು ಗೊಂದಲವಾಗುತ್ತದೆ. ಕೊಕ್ಕೆಹುಳು ಎಂದಾದರೆ ಅಲ್ಬೆಂಡಝೋಲ್ 400 ಮಿಲಿಗ್ರಾಂ, ಜೊತೆಗೆ ಕಬ್ಬಿಣ. ಸ್ಟ್ರಾಂಜಿಲಾಯ್ಡಿಸ್ ಆದರೆ ಆ ಒಂದು ಮಾತ್ರೆ ಸಾಲದು, ಐವರ್ಮೆಕ್ಟಿನ್ ಬೇಕಾಗುತ್ತದೆ, ನಿನ್ನ ಮೇಲಿನವರನ್ನು ಕೇಳು. ಬಸುರಿಯೇ ಎಂದು ಮೊದಲೇ ವಿಚಾರಿಸು. ಮಾತ್ರೆ ಕೊಟ್ಟ ಮರುವಾರ ಕೌಂಟ್ ನೋಡಿ ಗಾಬರಿಯಾಗಬೇಡ, ಹುಳು ಸತ್ತ ಹೊಸತರಲ್ಲಿ ಒಮ್ಮೆ ಏರಿ ಆಮೇಲೆ ವಾರಗಟ್ಟಲೆ ತೆಗೆದುಕೊಂಡು ಇಳಿಯುತ್ತದೆ. ಏನೂ ಸಿಗದೆ ಕೌಂಟ್ ಹಾಗೇ ನಿಂತರೆ ಫೈಲೇರಿಯಾ, ಆಸ್ತಮಾ, ಅವಳು ತಿನ್ನುವ ಬೇರೆ ಮದ್ದು, ಕೊನೆಗೆ ರಕ್ತದ ಕಾಯಿಲೆ, ಈ ದಾರಿಗಳನ್ನು ದೊಡ್ಡ ಆಸ್ಪತ್ರೆಯವರು ನೋಡಲಿ.

ಅವಳ ಮನೆಯಲ್ಲಿ ಇನ್ನೂ ಯಾರು ತೋಟಕ್ಕೆ ಹೋಗುತ್ತಾರೆ ಎಂದೂ ಕೇಳು. ಧಣಿಗಳ ಹತ್ತಿರ ಒಂದು ಜೊತೆ ಗಂಬೂಟು ಕೇಳಲು ಅವಳಿಗೆ ನಾಚಿಕೆಯಾದೀತು, ನಿನಗೆ ಆಗಬೇಕಾಗಿಲ್ಲ. ಆರು ವಾರ ಬಿಟ್ಟು ಇನ್ನೊಮ್ಮೆ ಟೋಟಲ್, ಡಿಫರೆನ್ಷಿಯಲ್, ಹಿಮೋಗ್ಲೋಬಿನ್ ಮಾಡಿಸಿ ನನಗೆ ಕಳಿಸು. ಸಾಧ್ಯವಾದರೆ ಸ್ಲೈಡನ್ನೇ ಕಾಗದದಲ್ಲಿ ಸುತ್ತಿ ಬಸ್ಸಿನಲ್ಲಿ ಬರುವವರ ಕೈಲಿ ಕಳಿಸು. ನನ್ನ ಹಳೆಯ ಮೈಕ್ರೋಸ್ಕೋಪಿನ ಲೆನ್ಸಿಗೆ ಬೂಸ್ಟು ಹಿಡಿಯದಂತೆ ಅಕ್ಕಿಯ ಡಬ್ಬಿಯಲ್ಲಿಟ್ಟಿದ್ದೇನೆ. ನಿನ್ನ ಅಜ್ಜಿಗೆ ಗೊತ್ತಿಲ್ಲ.

ಇತಿ ನಿನ್ನ
ಅಜ್ಜ